ಗಾಳಿ ಹೆಚ್ಚೋ, ಪೆಟ್ರೋಲ್ ಕಮ್ಮಿಯೋ?

ಮದುವೆ ಮನೆಯಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ‘ಯಾಕೋ ನಮ್ಮ ಕಾರು ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತೆ’ ಎಂದು ಒಂದು ಮಾತು ತೇಲಿಬಿಡಿ. ಸಾಕು. ಪಕ್ಕದ ಕುರ್ಚಿಯವರು ‘ಪ್ಲಗ್ಗು’ ಎನ್ನುತ್ತಾರೆ. ಅವರ ಹಿಂದೆ ಕೂತವರು ‘ಪ್ಲಗ್ಗಲ್ಲ ಸ್ವಾಮಿ, ಇಂಜೆಕ್ಟರ್ರು, ಕ್ಲೀನ್ ಮಾಡಿಸಿ’ ಎನ್ನುತ್ತಾರೆ. ಸ್ಟಿಯರಿಂಗ್ ಮುಟ್ಟುವುದನ್ನು ಬಿಟ್ಟು ಹತ್ತು ವರ್ಷವಾಗಿ, ಈಗ ಮಗನ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುವ ಹುಡುಗನ ಚಿಕ್ಕಪ್ಪ ಅರೆಗಣ್ಣಿನಲ್ಲೇ ‘ಮೊದಲು ಏರ್ ಫಿಲ್ಟರ್ ಬದಲಾಯಿಸು, ಆಮೇಲೆ ಮಾತಾಡು’ ಎಂದು ತೀರ್ಪು ಕೊಡುತ್ತಾರೆ. ಇಷ್ಟು ಜನರಲ್ಲಿ ಒಬ್ಬರಾದರೂ ‘ಯಾವಾಗ ನಡುಗುತ್ತೆ? ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಓಡುವಾಗ ಸರಿ ಹೋಗುತ್ತಾ?’ ಎಂದು ಕೇಳಿದರೆ, ತಕ್ಷಣ ಅವರ ಫೋನ್ ನಂಬರ್ ಇಸಿದುಕೊಳ್ಳಿ. ಅಂಥವರು ಸಿಗುವುದು ಅಪರೂಪ.

ಮನುಷ್ಯರಿಗೆ ಔಷಧ ಹೇಳುವಾಗ ಯಾರಿಗಾದರೂ ಸ್ವಲ್ಪ ಅಳುಕು ಇರುತ್ತದೆ, ರೋಗಿ ಗೊಟಕ್ ಅಂದರೆ ಏನು ಗತಿ ಅಂತ. ಕಾರಿನ ವಿಷಯದಲ್ಲಿ ಆ ಅಳುಕೂ ಇಲ್ಲ. ಸತ್ತರೆ ಕಾರು ತಾನೇ, ಅದೂ ನಮ್ಮದಲ್ಲ.

ವಿಷಯ ನೋಡಿದರೆ ಇಷ್ಟೇ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ 14.7 ಕೆಜಿ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳಿದರೆ ಇನ್ನೂ ಮಜಾ: ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ. ಬಂಕಿನಲ್ಲಿ ಕಾರಿನಿಂದ ಇಳಿದು, ಮೀಟರ್ ಸೊನ್ನೆಯಲ್ಲಿದೆಯಾ ಎಂದು ಬಗ್ಗಿ ನೋಡಿ, ನಾವು ದುಡ್ಡು ಕೊಡುವುದು ಆ ಒಂದು ಲೀಟರಿಗೆ. ಉಳಿದ ಒಂಬತ್ತು ಸಾವಿರ ಬಿಟ್ಟಿ. ಬಿಟ್ಟಿ ಸಿಕ್ಕಿದ್ದಕ್ಕೆ ನಮ್ಮಲ್ಲಿ ಮರ್ಯಾದೆ ಕಮ್ಮಿ, ಆದ್ದರಿಂದ ಎಂಜಿನ್ ಕೆಮ್ಮಿದ ಕೂಡಲೇ ಎಲ್ಲರೂ ಪೆಟ್ರೋಲಿನ ಮೇಲೇ ಅನುಮಾನಪಡುತ್ತಾರೆ. ಗಾಳಿಯ ಹೆಸರು ಯಾರೂ ಎತ್ತುವುದಿಲ್ಲ.

ಗಾಳಿ ಹೆಚ್ಚಾದರೆ ಗ್ಯಾರೇಜಿನವರು ‘ಲೀನ್’ ಎನ್ನುತ್ತಾರೆ, ಪೆಟ್ರೋಲ್ ಹೆಚ್ಚಾದರೆ ‘ರಿಚ್’. ಲೀನ್ ಆದ ಗಾಡಿ ಪಿಕಪ್ ತೆಗೆದುಕೊಳ್ಳದೆ ಒದ್ದಾಡುತ್ತದೆ, ಜರ್ಕ್ ಹೊಡೆಯುತ್ತದೆ, ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗಿರುತ್ತದೆ. ರಿಚ್ ಆದದ್ದು ಕಪ್ಪು ಹೊಗೆ ಬಿಡುತ್ತದೆ, ಹಿಂದೆ ನಿಂತವನಿಗೆ ಪೆಟ್ರೋಲ್ ವಾಸನೆ ಬರುತ್ತದೆ, ಪ್ಲಗ್ ತುಂಬ ಒಣ ಮಸಿ. ತಿಳಿ ಕಂದು ಬಣ್ಣ ಕಂಡರೆ ಎಲ್ಲ ಕ್ಷೇಮ.

ಕಾರ್ಬುರೇಟರ್ ಕಾಲದಲ್ಲಿ ಇದೆಲ್ಲ ಒಂದು ಸ್ಕ್ರೂಡ್ರೈವರಿನ ತುದಿಯಲ್ಲಿತ್ತು. ಫಿಯೆಟ್ಟೋ ಅಂಬಾಸಿಡರ್ರೋ, ಮೆಕ್ಯಾನಿಕ್ ಬಾನೆಟ್ ಎತ್ತಿ, ತಲೆ ಓರೆ ಮಾಡಿ ಕಿವಿ ಕೊಟ್ಟು, ಸ್ಕ್ರೂವನ್ನು ಕಾಲು ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗಿಸಿ ‘ತಗೊಳ್ಳಿ’ ಎನ್ನುತ್ತಿದ್ದ. ಅದಕ್ಕೆ ಟ್ಯೂನಿಂಗ್ ಎಂಬ ಸಂಗೀತದ ಹೆಸರು. ಒಂದೇ ತೊಂದರೆ ಎಂದರೆ ಆ ಟ್ಯೂನಿಂಗ್ ಆಯಾ ಊರಿಗೆ ಮಾತ್ರ ಸೀಮಿತ. ಮಂಗಳೂರಿನಲ್ಲಿ ಶ್ರುತಿ ಮಾಡಿಸಿಕೊಂಡು ಘಾಟಿ ಹತ್ತಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೊರಟರೆ, ಮೇಲೆ ಗಾಳಿ ಸಮುದ್ರ ಮಟ್ಟಕ್ಕಿಂತ ಆರನೇ ಒಂದು ಪಾಲಿನಷ್ಟು ತೆಳು. ಕಾರ್ಬುರೇಟರಿಗೆ ಅದು ಗೊತ್ತಾಗದು, ಕಡಲತೀರದ ಧಾರಾಳದಲ್ಲೇ ಪೆಟ್ರೋಲ್ ಸುರಿಯುತ್ತಿರುತ್ತದೆ. ಗಾಡಿ ರಿಚ್ ಆಗಿ ಏದುಸಿರು ಬಿಡುತ್ತದೆ, ಒಳಗೆ ಕೂತವರು ‘ಓವರ್‌ಲೋಡ್ ಆಯ್ತು’ ಎಂದು ದಪ್ಪಗಿರುವ ಅತ್ತಿಗೆಯ ಮುಖ ನೋಡುತ್ತಾರೆ. ಪಾಪ.

2000ದ ಆಸುಪಾಸಿನಲ್ಲಿ ‘ಎಂಪಿಎಫ್‌ಐ’ ಎಂದು ಬೆನ್ನಿಗೆ ಅಕ್ಷರ ಅಂಟಿಸಿಕೊಂಡ ಕಾರುಗಳು ಬಂದವು, ಸ್ಕ್ರೂಡ್ರೈವರ್ ಸಂಗೀತ ನಿಂತಿತು. ಪೆಟ್ರೋಲ್ ಎಷ್ಟು ಚಿಮುಕಿಸಬೇಕೆಂದು ಲೆಕ್ಕ ಹಾಕಲು ಇಸಿಯು ಎಂಬ ಕಂಪ್ಯೂಟರ್ ಡಬ್ಬಿ. ಅದರ ಲೆಕ್ಕ ಸರಿಯಾಯಿತೇ ಎಂದು ಹೇಳಲು ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್. ಜರ್ಮನಿಯ ಬಾಷ್ ಮಾಡಿದ ಈ ಸೆನ್ಸರನ್ನು 1976ರಲ್ಲಿ ಮೊದಲು ಹಾಕಿಕೊಂಡಿದ್ದು ಸ್ವೀಡನ್ನಿನ ವೋಲ್ವೋ ಕಾರು, ಅಮೆರಿಕದ ಹೊಗೆ ಕಾನೂನಿಗೆ ಹೆದರಿ.

ಈ ಸೆನ್ಸರಿನ ಸ್ವಭಾವ ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಅದು ಪೆಟ್ರೋಲ್ ನೋಡುವುದಿಲ್ಲ, ಎಂಜಿನ್ ನೋಡುವುದಿಲ್ಲ, ಉರಿದು ಹೊರಬಂದ ಹೊಗೆಯಲ್ಲಿ ಆಕ್ಸಿಜನ್ ಉಳಿದಿದೆಯೇ ಎಂಬುದೊಂದನ್ನೇ ನೋಡುತ್ತದೆ. ಉಳಿದಿದ್ದರೆ ‘ಲೀನ್’ ಎಂದು ಕೂಗುತ್ತದೆ, ಇಲ್ಲದಿದ್ದರೆ ‘ರಿಚ್’ ಎಂದು. ಹಳೆಯ ಬಗೆಯದಾದರೆ ಸುಮಾರು 0.1 ವೋಲ್ಟಿನಿಂದ 0.9 ವೋಲ್ಟಿನವರೆಗೆ ಇಡೀ ದಿನ ಮೇಲೆ ಕೆಳಗೆ ಓಲಾಡುವುದೇ ಅದರ ಕೆಲಸ. ಲೀನ್ ಎಂದ ಕೂಡಲೇ ಇಸಿಯು ಪೆಟ್ರೋಲ್ ಸ್ವಲ್ಪ ಹೆಚ್ಚಿಸುತ್ತದೆ, ರಿಚ್ ಎಂದರೆ ಇಳಿಸುತ್ತದೆ, ಇಳಿಸಿದ್ದನ್ನೂ ಏರಿಸಿದ್ದನ್ನೂ ಬರೆದಿಡುತ್ತದೆ. ಥೇಟ್ ದಿನಸಿ ಅಂಗಡಿ ಶೆಟ್ಟರ ಲೆಕ್ಕ: ಕ್ಷಣಕ್ಷಣದ ವ್ಯವಹಾರಕ್ಕೆ ‘ಶಾರ್ಟ್ ಟರ್ಮ್ ಟ್ರಿಮ್’ ಎಂಬ ಚೀಟಿ, ಬಾಕಿ ನಿಂತದ್ದನ್ನು ಏರಿಸಲು ‘ಲಾಂಗ್ ಟರ್ಮ್ ಟ್ರಿಮ್’ ಎಂಬ ಖಾತೆ ಪುಸ್ತಕ. ಖಾತೆ ಸೊನ್ನೆಯ ಹತ್ತಿರ ಇದ್ದರೆ ಒಳ್ಳೆಯದು. ಶೇಕಡಾ ಐದೋ ಎಂಟೋ ಆಚೀಚೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಪ್ಪತ್ತು ದಾಟಿ ಇಪ್ಪತ್ತೈದರ ಕಡೆಗೆ ಹೊರಟಿತೋ, ಇಸಿಯು ಕೈಚೆಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹಚ್ಚಿ ಕೂರುತ್ತದೆ.

ಹಾಗೆ ದೀಪ ಹೊತ್ತಿದ್ದು ನಮ್ಮ ಭಾವನವರ ಕಾರಿನಲ್ಲಿ.

ಭಾವ ಸುಮ್ಮನಿರುವ ಆಸಾಮಿಯಲ್ಲ. ಆನ್‌ಲೈನಿನಲ್ಲಿ ಬೆಂಕಿಪೊಟ್ಟಣದ ಗಾತ್ರದ ಸ್ಕ್ಯಾನರ್ ತರಿಸಿದರು. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಸಿಕ್ಕಿಸಿದರೆ ಫೋನಿನಲ್ಲಿ ಕಾರಿನ ಜಾತಕವೆಲ್ಲ ಮೂಡುತ್ತದೆ. ಮೂಡಿದ್ದು ‘ಪಿ0171’, ಅಂದರೆ ಮಿಶ್ರಣ ಲೀನ್. ಅಂದಿನಿಂದ ಅವರ ಭಾಷೆಯೇ ಬದಲಾಯಿತು. ‘ಹೇಗಿದ್ದೀರಿ ಭಾವ?’ ಎಂದರೆ ‘ಲಾಂಗ್ ಟರ್ಮ್ ಇಪ್ಪತ್ತೆರಡು ಇದೆ ಕಣೋ’ ಎನ್ನುವರು. ಅಕ್ಕ ಒಂದೆರಡು ಸಲ ಅದನ್ನು ಬಿಪಿ ಎಂದುಕೊಂಡು ಉಪ್ಪು ಕಮ್ಮಿ ಮಾಡಿದಳು.

ಕಾರು ಒಂದು ದೊಡ್ಡ ವರ್ಕ್‌ಶಾಪಿಗೆ ಹೋಯಿತು. ಕಾಫಿ ಕೊಟ್ಟು ಸೋಫಾದಲ್ಲಿ ಕೂರಿಸುವ ಜಾಗ. ಅಲ್ಲಿ ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು, ದೀಪ ಆರಿಸಿ ಕಳಿಸಿದರು. ಕೆಲವೇ ದಿನಕ್ಕೆ ದೀಪ ಮತ್ತೆ ಹಾಜರು. ಎರಡನೇ ಸಲ ಇಂಜೆಕ್ಟರ್ ಕ್ಲೀನಿಂಗ್. ಮತ್ತೂ ಹೊತ್ತಿತು. ಮೂರನೇ ಸಲ ಪೆಟ್ರೋಲ್ ಪಂಪೇ ಹೋಗಿರಬೇಕು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ; ಇಲ್ಲಿ ಎಮ್ಮೆಗೆ ಬರೆ ಎಳೆದು, ಬಿಲ್ಲು ಹಾಕಿ, ಜಿಎಸ್‌ಟಿಯನ್ನೂ ಸೇರಿಸಿದರು. ದೂರು ತಂದು ಕೊಟ್ಟದ್ದಷ್ಟೇ ಆ ಸೆನ್ಸರಿನ ಅಪರಾಧ. ಕೋಡ್ ಹೇಳಿದ್ದು ‘ಆಕ್ಸಿಜನ್ ಜಾಸ್ತಿ ಕಾಣುತ್ತಿದೆ’ ಎಂದು, ‘ನನ್ನನ್ನು ಬದಲಾಯಿಸಿ’ ಎಂದಲ್ಲ.

ಕೊನೆಗೆ ಅಕ್ಕನ ಒತ್ತಾಯಕ್ಕೆ ಉಸ್ತಾದ್ ಹತ್ತಿರ ಬಂದರು. ಉಸ್ತಾದರ ಗ್ಯಾರೇಜಿನಲ್ಲಿ ಸೋಫಾ ಇಲ್ಲ, ತಿರುವಿಹಾಕಿದ ಗ್ರೀಸ್ ಡಬ್ಬದ ಮೇಲೆ ಒಂದು ಹಲಗೆ. ಭಾವ ಸ್ಕ್ಯಾನರ್ ಪುರಾಣ ಶುರು ಮಾಡಿದರು. ಉಸ್ತಾದ್ ಅದನ್ನು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: ‘ಆ ಇಪ್ಪತ್ತೆರಡು ನಿಂತಾಗ್ಲಾ ಸಾರ್, ಓಡೋವಾಗ್ಲಾ?’

ಭಾವನಿಗೆ ಗೊತ್ತಿರಲಿಲ್ಲ. ಅಷ್ಟು ದಿನ ಆ ಅಂಕಿಯನ್ನು ಜಪ ಮಾಡಿದ್ದರೇ ಹೊರತು ಯಾವಾಗಿನದು ಎಂದು ನೋಡಿರಲಿಲ್ಲ. ಉಸ್ತಾದ್ ಕಾರು ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟರು. ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮೂ ಲಾಂಗ್ ಟರ್ಮೂ ಕೂಡಿ ಇಪ್ಪತ್ತೆರಡು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದರು. ಅಂಕಿ ನಿಧಾನಕ್ಕೆ ಜಾರಿ ನಾಲ್ಕಕ್ಕೆ ಬಂತು. ‘ಪಂಪ್ ಮುಟ್ಟಬೇಡಿ. ಎಲ್ಲೋ ಕಳ್ಳಗಾಳಿ ನುಗ್ತಾ ಇದೆ’ ಎಂದರು.

ಇದರಲ್ಲಿ ಮಂತ್ರವಿಲ್ಲ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಒಳಗೆ ನಿರ್ವಾತ ಜೋರು. ಆಗ ಒಂದು ಸಣ್ಣ ತೂತಿನಿಂದ ನುಗ್ಗುವ ಗಾಳಿಯೂ ದೊಡ್ಡ ಪಾಲೇ. ಥ್ರಾಟಲ್ ತೆರೆದರೆ ಬಾಗಿಲಿನಿಂದಲೇ ಬೇಕಾದಷ್ಟು ಗಾಳಿ ಬರುವಾಗ ಆ ತೂತಿನದು ಲೆಕ್ಕಕ್ಕಿಲ್ಲ. ಅದಕ್ಕೇ ಅಂಕಿ ಇಳಿಯಿತು. ಪಂಪ್ ಸೊರಗಿದ್ದರೆ ಅಥವಾ ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಕಥೆ ಉಲ್ಟಾ: ನಿಂತಾಗ ಗಾಡಿ ಸಾಧು, ಕುಣಿಗಲ್ ದಾಟಿ ಲಾರಿ ಓವರ್‌ಟೇಕ್ ಮಾಡಲು ಒತ್ತಿದಾಗ ಪೆಟ್ರೋಲ್ ಸಾಲದೆ ಅಂಕಿ ಏರುತ್ತದೆ, ಗಾಡಿ ಎಳೆಯುವುದಿಲ್ಲ.

ಉಸ್ತಾದ್ ಒಂದು ಹಳೆ ರಬ್ಬರ್ ಪೈಪಿನ ತುಂಡನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ ಮೇಲೆಲ್ಲ ಆಡಿಸಿದರು. ಆಮೇಲೆ ಹುಡುಗನನ್ನು ಕೂಗಿ ಅಗರಬತ್ತಿ ತರಿಸಿದರು. ‘ಪೂಜೆ ಮೊದಲೇ ಮಾಡಬೇಕಿತ್ತು’ ಎಂದರು ಭಾವ. ಉಸ್ತಾದ್ ನಗದೆ ಅಗರಬತ್ತಿಯನ್ನು ಮ್ಯಾನಿಫೋಲ್ಡ್ ಪಕ್ಕದ ಪೈಪುಗಳ ಗುಂಟ ಮೆಲ್ಲಗೆ ಸರಿಸುತ್ತ ಹೋದರು. ಹೊಗೆ ನೆಟ್ಟಗೆ ಏಳುತ್ತಿತ್ತು. ಒಂದು ಕಡೆ ಬಂದಾಗ ಸಟಕ್ಕನೆ ಬಾಗಿ, ಹೆಬ್ಬೆರಳು ಗಾತ್ರದ ಒಂದು ಪೈಪಿನ ಅಡಿಗೆ ನುಗ್ಗಿ ಮಾಯವಾಯಿತು. ಪೈಪ್ ಹೊರಳಿಸಿದರೆ ಹೊಟ್ಟೆಯ ಭಾಗದಲ್ಲಿ ಸಾಲಾಗಿ ಹಲ್ಲಿನ ಗುರುತು, ನಡುವೆ ಕಡ್ಡಿ ತೂರುವಷ್ಟು ತೂತು. ಉಸ್ತಾದ್ ಅದರ ಮೇಲೆ ಹೆಬ್ಬೆರಳಿಟ್ಟರು, ಎಂಜಿನ್ನಿನ ದನಿಯೇ ಬದಲಾಯಿತು. ಭಾವನ ಫೋನಿನಲ್ಲಿ ಶಾರ್ಟ್ ಟರ್ಮ್ ಧಡಕ್ಕನೆ ಮೈನಸ್‌ಗೆ ಇಳಿಯಿತು, ಏಕೆಂದರೆ ಖಾತೆ ಪುಸ್ತಕದಲ್ಲಿ ಇನ್ನೂ ಹಳೆ ಬಾಕಿ ಇತ್ತಲ್ಲ. (ಪೆಟ್ರೋಲ್ ವಾಸನೆ ಬರುತ್ತಿರುವ ಬಾನೆಟ್ ಕೆಳಗೆ ಅಗರಬತ್ತಿ ಹಚ್ಚುವ ಸಾಹಸ ಮಾತ್ರ ಬೇಡ. ದೊಡ್ಡ ಗ್ಯಾರೇಜುಗಳಲ್ಲಿ ಇದಕ್ಕೆಂದೇ ಹೊಗೆ ಊದುವ ಮೆಷಿನ್ ಇರುತ್ತದೆ.)

ಇಲಿ! ಬೆಂಗಳೂರಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಗಣಪತಿಯ ವಾಹನ ನಮ್ಮ ವಾಹನವನ್ನು ತಿನ್ನುತ್ತಿದೆ. ಬಾನೆಟ್ ಒಳಗೆ ನುಸಿಗುಳಿಗೆ ಕಟ್ಟುವವರಿದ್ದಾರೆ, ಹೊಗೆಸೊಪ್ಪು ಸಿಕ್ಕಿಸುವವರಿದ್ದಾರೆ. ನಮ್ಮ ಇಲಿಗಳಿಗೆ ಹೊಗೆಸೊಪ್ಪು ಆಗಲೇ ಚಟವಾಗಿದೆಯೆಂದು ನನ್ನ ಗುಮಾನಿ.

ಭಾವ ಅಷ್ಟಕ್ಕೇ ಬಿಡಲಿಲ್ಲ. ಅಂದಿನಿಂದ ಅಪಾರ್ಟ್‌ಮೆಂಟಿನಲ್ಲಿ ಯಾರ ಕಾರು ಕುಂಟಿದರೂ ಅಗರಬತ್ತಿ ಹಿಡಿದು ಓಡುತ್ತಾರೆ. ಅಮೆರಿಕದ ಮೆಕ್ಯಾನಿಕ್‌ಗಳ ವಿಡಿಯೊ ನೋಡಿ ಪಾಂಡಿತ್ಯ ಬೇರೆ ಬೆಳೆದಿದೆ. ಆ ವಿಡಿಯೊಗಳಲ್ಲಿ ಒಂದು ಎಡವಟ್ಟಿದೆ. ಅಲ್ಲಿ ಹೆಚ್ಚಾಗಿ ತೋರಿಸುವುದು ಒಳಬರುವ ಗಾಳಿಯನ್ನು ಬಾಗಿಲಲ್ಲೇ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರು. ಭಾವನದೂ ಅದೇ ಜಾತಿ. ಅಳತೆ ತಪ್ಪಿಸಿ ಹಿಂಬಾಗಿಲಿನಿಂದ ನುಗ್ಗಿದ ಗಾಳಿ ಅದರ ಲೆಕ್ಕಕ್ಕೆ ಸಿಗದು, ಆದ್ದರಿಂದ ಲೀನ್. ನಮ್ಮ ಅನೇಕ ಸಣ್ಣ ಕಾರುಗಳಲ್ಲಿ ಇರುವುದು ಮ್ಯಾಪ್ ಸೆನ್ಸರ್, ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಗಾಳಿಯನ್ನು ಅಂದಾಜು ಮಾಡುವಂಥದ್ದು. ಕಳ್ಳಗಾಳಿ ನುಗ್ಗಿದರೂ ಒತ್ತಡ ಏರಿದ್ದು ಅದಕ್ಕೆ ತಿಳಿಯುತ್ತದೆ, ತಕ್ಕಷ್ಟು ಪೆಟ್ರೋಲ್ ಸೇರಿಸುತ್ತದೆ. ಆಗ ಲೀನ್ ಕೋಡ್ ಬಾರದೆ, ಐಡ್ಲಿಂಗ್ ಸುಮ್ಮನೆ ಏರಿ ಕೂತು ಕಾರು ಹೂಂಕರಿಸುತ್ತದೆ. ಮೂರನೇ ಮಹಡಿಯವರ ಪುಟ್ಟ ಕಾರಿಗೆ ಭಾವ ಲೀನ್ ಕೋಡ್ ಹುಡುಕಿ ಹುಡುಕಿ ಸುಸ್ತಾದದ್ದು ಇದಕ್ಕೇ.

ಆಕ್ಸಿಜನ್ ಸೆನ್ಸರನ್ನು ನಿರಪರಾಧಿ ಎಂದೆ. ಆದರೆ ಅದಕ್ಕೆ ಮೋಸ ಹೋಗುವ ಗುಣವಿದೆ. ಒಂದು ಪ್ಲಗ್ ಕೆಲಸ ಮಾಡದೆ ಮಿಸ್ಸಿಂಗ್ ಹೊಡೆಯಿತು ಅನ್ನಿ. ಆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಬೀಳುತ್ತದೆ, ಜೊತೆಗೆ ಖರ್ಚಾಗದ ಆಕ್ಸಿಜನ್ನೂ. ಸೆನ್ಸರಿಗೆ ಕಾಣುವುದು ಆಕ್ಸಿಜನ್ ಮಾತ್ರ. ‘ಲೀನ್ ಲೀನ್’ ಎಂದು ಬೊಬ್ಬೆ ಹೊಡೆಯುತ್ತದೆ, ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಸ್ಕ್ಯಾನರ್ ಲೀನ್ ಎನ್ನುತ್ತಿರುವಾಗಲೇ ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ! ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಪೈಪಿನಲ್ಲಿ ಬಿರುಕಿದ್ದು ಹೊರಗಿನ ಗಾಳಿ ಸೇರಿಕೊಂಡರೂ ಇದೇ ನಾಟಕ. ಎರಡು ಸಾವಿರದ ಸ್ಕ್ಯಾನರಿಗಿಂತ ಬಿಟ್ಟಿ ಮೂಗು ವಾಸಿ ಎನ್ನುವ ಸಂದರ್ಭ ಇದು. ಉರಿಯದ ಪೆಟ್ರೋಲೆಲ್ಲ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೂ ಸುಟ್ಟರೆ, ಆ ಬಿಲ್ಲು ನೋಡಿದ ಮೇಲೆ ಉಪ್ಪು ನಿಜವಾಗಿಯೂ ಕಮ್ಮಿ ಮಾಡಬೇಕಾಗುತ್ತದೆ.

ಇನ್ನು ರಿಚ್ ಕಡೆಗೆ ಬಂದರೆ, ಅಲ್ಲಿ ತಪ್ಪಿತಸ್ಥರು ಬಹಳಷ್ಟು ಸಲ ನಾವೇ ಸಾಕಿಕೊಂಡವರು. ‘ನಮ್ಮ ದೇಶದ ಬಿಸಿಲಿಗೆ ಇದು ಯಾಕೆ ಸಾರ್’ ಎಂದು ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡುವ ಪದ್ಧತಿ ನಮ್ಮ ಗ್ಯಾರೇಜುಗಳಲ್ಲಿ ಉಂಟು. ಕಾರು ಬಿಸಿಯಾಗಬಾರದೆಂಬ ಕಾಳಜಿ. ಎಂಜಿನ್ ಬೇಕಾದಷ್ಟು ಬಿಸಿಯೇ ಆಗದಿದ್ದರೆ ಇಸಿಯು ಇನ್ನೂ ಮುಂಜಾನೆಯೇ ಎಂದುಕೊಂಡು, ಹಿಂದೆ ಚೋಕ್ ಎಳೆದು ಕೊಡುತ್ತಿದ್ದ ಹೆಚ್ಚುವರಿ ಪೆಟ್ರೋಲನ್ನು ಕೊಡುತ್ತಲೇ ಇರುತ್ತದೆ. ಹೊರಗೆ ಕಲಬುರಗಿಯ ಮೇ ತಿಂಗಳ ಬಿಸಿಲು, ಇಸಿಯು ಪಾಲಿಗೆ ಮಡಿಕೇರಿಯ ಜನವರಿ. ನೀರಿನ ಉಷ್ಣ ನೋಡುವ ಸೆನ್ಸರ್ ಕೆಟ್ಟು ಸದಾ ‘ಚಳಿ ಚಳಿ’ ಎಂದರೂ ಫಲ ಇದೇ. ಸ್ಕ್ಯಾನರಿನಲ್ಲಿ ಆ ಒಂದು ಸಾಲು ನೋಡಿದರೆ ತಿಳಿಯುವ ವಿಷಯ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಅದು ಹೊರಗಿನ ಹವೆಯ ಉಷ್ಣವನ್ನು ತೋರಿಸಬೇಕು, ಓಡಿ ಬಂದ ಮೇಲೆ ಎಂಬತ್ತೈದು ತೊಂಬತ್ತರ ಆಸುಪಾಸು.

ಇನ್ನೊಂದು ನಮ್ಮ ‘ರೌಂಡ್ ಫಿಗರ್’. ಬಂಕಿನಲ್ಲಿ ನಾಜಲ್ ಟಕ್ ಎಂದು ನಿಂತ ಮೇಲೂ ‘ಹಾಕಪ್ಪಾ, ರೌಂಡ್ ಫಿಗರ್ ಮಾಡು’ ಎಂದು ಕತ್ತಿನವರೆಗೆ ತುಂಬಿಸುತ್ತೇವೆ. ಟ್ಯಾಂಕಿನ ಆವಿಯನ್ನು ಹಿಡಿದಿಟ್ಟುಕೊಳ್ಳಲು ಕಾರಿನಲ್ಲಿ ಇದ್ದಿಲು ತುಂಬಿದ ಡಬ್ಬಿಯೊಂದಿದೆ. ಕತ್ತಿನವರೆಗೆ ತುಂಬಿಸಿದರೆ ಅದರೊಳಕ್ಕೆ ಪೆಟ್ರೋಲೇ ಇಳಿಯುತ್ತದೆ. ಆ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ದಾರಿಯ ಪರ್ಜ್ ವಾಲ್ವ್ ಮುಚ್ಚದೆ ಕೆಟ್ಟು ನಿಂತಿತೋ, ಫುಲ್ ಟ್ಯಾಂಕ್ ಆದ ಕೂಡಲೇ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಕೆಮ್ಮಿ ಕೆಮ್ಮಿ ಎದ್ದುಕೊಳ್ಳುತ್ತದೆ. ‘ನೋಡಿ, ಈ ಬಂಕಿನಲ್ಲಿ ಕಲಬೆರಕೆ’ ಎಂದು ಅಲ್ಲೇ ಜಗಳ. ಮುಂದಿನ ಸಲ ಬೇರೆ ಬಂಕು, ಅಲ್ಲೂ ರೌಂಡ್ ಫಿಗರ್, ಅಲ್ಲೂ ಕೆಮ್ಮು, ಅಲ್ಲೂ ಜಗಳ.

ಹುಡುಗನ ಚಿಕ್ಕಪ್ಪನ ಏರ್ ಫಿಲ್ಟರಿನ ವಿಷಯ ಬಾಕಿ ಉಳಿಯಿತು. ಕಾರ್ಬುರೇಟರ್ ಕಾಲಕ್ಕೆ ಅವರ ಮಾತು ಸರಿ, ಫಿಲ್ಟರ್ ಕಟ್ಟಿಕೊಂಡರೆ ಗಾಡಿ ರಿಚ್ ಆಗುತ್ತಿತ್ತು. ಈಗಿನ ಕಾರು ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹಾಕುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಇದನ್ನು ಪರೀಕ್ಷಿಸಿ 2009ರಲ್ಲಿ ಹೇಳಿದ್ದು ಇದನ್ನೇ: ಕಟ್ಟಿಕೊಂಡ ಫಿಲ್ಟರಿನಿಂದ ಈಗಿನ ಕಾರುಗಳ ಪಿಕಪ್ ಕುಗ್ಗುತ್ತದೆ, ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇದನ್ನು ಅವರಿಗೆ ಹೇಳುವ ಧೈರ್ಯ ನನಗಿಲ್ಲ, ಎದ್ದು ಕೂತುಬಿಟ್ಟಾರು.

ಈಚೆಗೆ ಈ ಎಲ್ಲ ಅಪರಾಧಿಗಳಿಗೂ ಒಟ್ಟಿಗೆ ಜಾಮೀನು ಸಿಕ್ಕಿದೆ. ಏನೇ ಕೆಟ್ಟರೂ ‘ಇ20’ ಎಂದರಾಯಿತು. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಈ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಇದರಲ್ಲಿ ಸತ್ಯಾಂಶ ಇಲ್ಲ ಎನ್ನಲಾರೆ. ಎಥನಾಲ್ ತನ್ನೊಳಗೇ ಆಕ್ಸಿಜನ್ ಹೊತ್ತು ತರುತ್ತದೆ, ಅದಕ್ಕೆ ಬೇಕಾದ ಗಾಳಿ ಒಂದಕ್ಕೆ ಒಂಬತ್ತೇ ಪಾಲು. ಹೀಗೆ ಬೆರೆಸಿದಾಗ 14.7 ಎನ್ನುವುದು 13.5ರ ಹತ್ತಿರಕ್ಕೆ ಇಳಿಯುತ್ತದೆ. ಲೀಟರಿಗೆ ಸಿಗುವ ಶಕ್ತಿಯೂ ಎಥನಾಲಿನಲ್ಲಿ ಮೂರನೇ ಒಂದರಷ್ಟು ಕಡಿಮೆ, ಆದ್ದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ನ್ಯಾಯವೇ. ಕಾರ್ಬುರೇಟರ್ ಇರುವ ಹಳೆ ಸ್ಕೂಟರ್‌ಗೆ ಹೊಂದಿಸಿಕೊಳ್ಳಲು ಬರದು, ಲೀನ್ ಆಗುತ್ತದೆ. ಸೆನ್ಸರ್ ಇರುವ, ಮೊದಲಿನ ಹತ್ತು ಪಾಲಿನ ಎಥನಾಲಿಗೆ ಆಗಲೇ ಒಗ್ಗಿದ್ದ ಕಾರು ಮಾತ್ರ ಇನ್ನೊಂದು ಶೇಕಡಾ ನಾಲ್ಕರಷ್ಟು ಪೆಟ್ರೋಲನ್ನು ಖಾತೆಗೆ ಏರಿಸಿಕೊಂಡು ಸುಮ್ಮನಾಗುತ್ತದೆ. ಆದರೆ ಇಲಿ ಕಡಿದ ಪೈಪಿನಿಂದಲೋ ಧೂಳು ಹಿಡಿದ ಸೆನ್ಸರಿನಿಂದಲೋ ಖಾತೆಯಲ್ಲಿ ಆಗಲೇ ಹತ್ತೊಂಬತ್ತು ಬಾಕಿ ಇದ್ದರೆ, ಈ ನಾಲ್ಕು ಸೇರಿದ ಕೂಡಲೇ ಹಳದಿ ದೀಪ. ಹತ್ತೊಂಬತ್ತರ ವಿಚಾರಣೆ ಯಾರಿಗೂ ಬೇಡ, ನಾಲ್ಕರ ಮೇಲೆ ಮಾತ್ರ ಎಫ್‌ಐಆರ್.

ಮೊನ್ನೆ ನಮ್ಮ ಮಾವನವರು ಇದೇ ಇ20 ಮೇಲೆ ಒಂದು ಗಂಟೆ ಉಪನ್ಯಾಸ ಕೊಟ್ಟರು. ಮೈಲೇಜ್ ಹದಿನೆಂಟರಿಂದ ಹದಿನಾಲ್ಕಕ್ಕೆ ಬಿದ್ದಿದೆ, ಪಿಕಪ್ ಇಲ್ಲ, ಹೊಗೆ ಬೇರೆ ಬರುತ್ತಿದೆ, ಎಲ್ಲ ಈ ಕಬ್ಬಿನ ರಸದ ಮಹಿಮೆ ಎಂದರು. ನಾನು ಮೆಲ್ಲಗೆ, ‘ಮಾವ, ನಿಮ್ಮದು ಡೀಸೆಲ್ ಗಾಡಿ ಅಲ್ವಾ?’ ಎಂದೆ.

ಮಾವ ಒಂದು ಕ್ಷಣವೂ ತಡವರಿಸಲಿಲ್ಲ. ‘ಆದ್ರೇನಯ್ಯ, ಬಂಕ್ ಒಂದೇ ತಾನೇ?’